ಕ್ರುಗ್ ಗ್ರಾಂಡ್ ಕ್ಯುವೆ 171: ದ್ರಾಕ್ಷಿ ಬೆಳೆಯುವವರ ನಾಲಿಗೆಗೆ ಈ ಶಾಂಪೇನ್ ಹೇಗಿದೆ?

ಕ್ರುಗ್ ಅಂದರೆ ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಗುಳ್ಳೆ ವೈನ್ ಮಾಡುವ ಒಂದು ಹಳೆಯ ಮನೆ. ಅವರ ಬಾಟಲಿಯ ಹಿಂದಿನ ಲೇಬಲ್ಲಿನಲ್ಲಿ ಆರು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ಕ್ರುಗ್ ಐಡಿ ಅಂತ ಹೆಸರು. 2011ರಿಂದ ಇದನ್ನು ಹಾಕುತ್ತಿದ್ದಾರೆ. ಬಾಟಲಿಗೆ ಕೊನೆಯ ಬಿರಡೆ ಬಿದ್ದದ್ದು ವರ್ಷದ ಯಾವ ಮೂರು ತಿಂಗಳಲ್ಲಿ ಅಂತ ಮೊದಲ ಅಂಕಿ ಹೇಳುತ್ತದೆ, ಯಾವ ವರ್ಷ ಅಂತ ಮುಂದಿನ ಎರಡು ಅಂಕಿ ಹೇಳುತ್ತವೆ. ಆ ಸಂಖ್ಯೆಯನ್ನು ಅವರ ವೆಬ್‌ಸೈಟಿನಲ್ಲಿ ಹಾಕಿದರೆ ಆ ಬಾಟಲಿಯ ಪೂರ್ತಿ ಜಾತಕ ಬರುತ್ತದೆ. ಗ್ರಾಂಡ್ ಕ್ಯುವೆ ಅನ್ನುವ ಅವರ ಮುಖ್ಯ ವೈನನ್ನು ಪ್ರತಿ ವರ್ಷ ಹೊಸದಾಗಿ ಬೆರೆಸುತ್ತಾರೆ, ನಮ್ಮ ಬಾಟಲಿ ಅದರ 171ನೇ ಆವೃತ್ತಿಯದು. ಅದರೊಳಗೆ 131 ಬೇರೆ ಬೇರೆ ವೈನ್‌ಗಳಿವೆ. 12 ವರ್ಷಗಳ ಬೆಳೆ ಸೇರಿದೆ. ಅತಿ ಹೊಸದು 2015ರದ್ದು, ಅತಿ ಹಳೆಯದು 2000ದ್ದು. ದ್ರಾಕ್ಷಿ ತಳಿ ಮೂರು: ಪಿನೋ ನ್ವಾರ್ 45%, ಶಾರ್ಡೊನೆ 37%, ಮ್ಯೂನಿಯೆ 18%. ಒಟ್ಟು ವೈನಿನಲ್ಲಿ 42% ಹಿಂದಿನ ವರ್ಷಗಳಿಂದ ಎತ್ತಿಟ್ಟ ದಾಸ್ತಾನು.

ಈ ಲೆಕ್ಕವನ್ನೆಲ್ಲ ಮೊದಲೇ ಬರೆದದ್ದಕ್ಕೆ ಕಾರಣ ಇದೆ. ಈ ಶಾಂಪೇನಿನ ರುಚಿ ಅರ್ಥವಾಗಬೇಕಾದರೆ ಈ 131 ಅನ್ನುವ ಸಂಖ್ಯೆಯನ್ನು ಹಿಡಿದುಕೊಂಡೇ ಹೋಗಬೇಕು. ನನ್ನ ಮಟ್ಟಿಗೆ ಕ್ರುಗ್‌ನ ಇಡೀ ಹೆಗ್ಗಳಿಕೆ ಇರುವುದು ಇದರಲ್ಲೇ. ಪೀಪಾಯಿ, ಹೆಸರು, ಚಂದದ ಬಾಟಲಿ, ಬೆಲೆ ಎಲ್ಲ ಆಮೇಲೆ.

ನಾವು ವಿಜಯಪುರದ ತಿಕೋಟಾ ಕಡೆಯವರು. ಮನೆಯಲ್ಲಿ ದ್ರಾಕ್ಷಿ ಪಡ ಇದೆ, ಒಣದ್ರಾಕ್ಷಿ ಶೆಡ್ ಇದೆ. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ತಳಿಗಳನ್ನೇ ಬೆಳೆಯುವುದು. ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್ ಚಾಟ್ನಿ, ಔಷಧಿ ಹೊಡೆಯುವುದು, ಮೋಡ ಕವಿದರೆ ರಾತ್ರಿ ನಿದ್ದೆ ಬಿಡುವುದು, ಇದು ನಮ್ಮ ವರ್ಷ. ವೈನಿನ ಕಡೆ ನನಗೆ ಆಸಕ್ತಿ ಹುಟ್ಟಿದ್ದೇ ಈ ಬಳ್ಳಿಗಳಿಂದ. ಇದೇ ದ್ರಾಕ್ಷಿಯಿಂದ ಬೇರೆ ದೇಶದವರು ಏನು ಮಾಡುತ್ತಾರೆ ಅಂತ ನೋಡುವ ಆಸೆ. ಜರ್ಮನಿಯಲ್ಲಿರುವ ನಮ್ಮ ಮಾವನ ಮಗ ಊರಿಗೆ ಬರುವಾಗ ಎರಡು ಬಾಟಲಿ ತಂದ. ವಿದೇಶದಿಂದ ಬರುವವರು ಸುಂಕವಿಲ್ಲದೆ 2 ಲೀಟರ್ ಮದ್ಯ ತರಬಹುದು, ಹಾಗಾಗಿ 750 ಮಿಲಿಯ ಎರಡು ಬಾಟಲಿ ಆರಾಮಾಗಿ ಬರುತ್ತವೆ. ಒಂದನ್ನು ತೋಟದ ಮನೆಯಲ್ಲಿ ತೆಗೆದೆವು. ಕುಡಿದವರೆಲ್ಲ ದ್ರಾಕ್ಷಿಯ ಜೊತೆ ಬದುಕುವವರೇ. ಅದರಿಂದ ಮಾತು ಬೇಗ ರುಚಿಯಿಂದ ಬೆಳೆಗೆ, ಬೆಳೆಯಿಂದ ರೇಟಿಗೆ ಹೋಯಿತು.

ಮೊದಲು ಸ್ವಲ್ಪ ಹಿನ್ನೆಲೆ. ಕ್ರುಗ್ ಮನೆತನ ಶುರುವಾದದ್ದು 1843ರಲ್ಲಿ, ಫ್ರಾನ್ಸಿನ ರೀಮ್ಸ್ ನಗರದಲ್ಲಿ. ಶುರು ಮಾಡಿದ ಜೋಸೆಫ್ ಕ್ರುಗ್ ಹುಟ್ಟಿದ್ದು ಈಗಿನ ಜರ್ಮನಿಯ ಮೈನ್ಸ್‌ನಲ್ಲಿ, 1800ರಲ್ಲಿ. ಜಾಕೆಸೋನ್ ಅನ್ನುವ ದೊಡ್ಡ ಶಾಂಪೇನ್ ಮನೆಯಲ್ಲಿ ಒಳ್ಳೆಯ ಸ್ಥಾನದಲ್ಲಿದ್ದ. ನಲವತ್ತು ದಾಟಿದ ಮೇಲೆ ಅದನ್ನು ಬಿಟ್ಟು ಬಂದು ಸ್ವಂತ ಮನೆ ಕಟ್ಟಿದ. ಅವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಆ ವರ್ಷ ಮಳೆ ಹೇಗಾದರೂ ಬರಲಿ, ಬಿಸಿಲು ಹೇಗಾದರೂ ಇರಲಿ, ತನ್ನ ಅತ್ಯುತ್ತಮ ಶಾಂಪೇನ್ ಪ್ರತಿ ವರ್ಷ ಹೊರಗೆ ಬರಲೇಬೇಕು. 1848ರಲ್ಲಿ, ಆಗಿನ್ನೂ ಚಿಕ್ಕವನಾಗಿದ್ದ ಮಗ ಪಾಲ್‌ಗಾಗಿ ಒಂದು ನೋಟ್‌ಬುಕ್ಕಿನಲ್ಲಿ ತನ್ನ ವಿಧಾನ ಬರೆದಿಟ್ಟ. ಒಳ್ಳೆಯ ಮನೆ ಎರಡು ಶಾಂಪೇನ್ ಮಾಡಬೇಕು, ಒಂದು ಹಲವು ವರ್ಷಗಳನ್ನು ಸೇರಿಸಿ ಮಾಡಿದ್ದು, ಇನ್ನೊಂದು ಆ ವರ್ಷದ ಗುಣ ತೋರಿಸುವಂಥದ್ದು, ಎರಡರ ಗುಣಮಟ್ಟವೂ ಒಂದೇ ಇರಬೇಕು, ಇದು ಅದರ ಸಾರ. ಈಗ 1999ರಿಂದ ಈ ಮನೆ ಎಲ್‌ವಿಎಂಎಚ್ ಅನ್ನುವ ಭಾರಿ ಕಂಪನಿಯ ಕೈಯಲ್ಲಿದೆ. ಆದರೂ ಆರನೇ ತಲೆಮಾರಿನ ಒಲಿವಿಯೆ ಕ್ರುಗ್ ಒಳಗೇ ಇದ್ದಾರೆ. ವೈನ್ ಮಾಡುವ ಪೂರ್ತಿ ಜವಾಬ್ದಾರಿ 2020ರಿಂದ ಜ್ಯೂಲಿ ಕಾವಿಲ್ ಅವರದು. ಗ್ರಾಂಡ್ ಕ್ಯುವೆ ಅನ್ನುವ ಈ ಹೆಸರು ಬಂದದ್ದು 1978ರಲ್ಲಿ.

ಸಾಮಾನ್ಯವಾಗಿ ಶಾಂಪೇನ್ ಲೋಕದಲ್ಲಿ ಒಂದು ಶ್ರೇಣಿ ಇದೆ. ಹಲವು ವರ್ಷ ಬೆರೆಸಿದ್ದು ಕೆಳಗೆ, ಒಂದೇ ಒಳ್ಳೆಯ ವರ್ಷದ ವಿಂಟೇಜ್ ಮೇಲೆ, ಎಲ್ಲಕ್ಕಿಂತ ಮೇಲೆ ವಿಶೇಷ ಬಾಟಲಿ. ಡೋಂ ಪೆರಿನ್ಯೋ ಅನ್ನುವ ಹೆಸರಾದ ಶಾಂಪೇನ್ ಒಂದೇ ವರ್ಷದ ದ್ರಾಕ್ಷಿಯಿಂದ ಮಾತ್ರ ಬರುತ್ತದೆ. ಸಲೋನ್ ಅನ್ನುವ ಮನೆ ಒಂದೇ ಊರಿನ ಶಾರ್ಡೊನೆಯಿಂದ, ತನಗೆ ಒಪ್ಪಿಗೆಯಾದ ವರ್ಷಗಳಲ್ಲಿ ಮಾತ್ರ ಮಾಡುತ್ತದೆ. ಬೆರೆಸುವುದು ಅಂದರೆ ಕಡಿಮೆ ದರ್ಜೆ, ವರ್ಷದ ಕೊರತೆ ಮುಚ್ಚುವ ಉಪಾಯ ಅನ್ನುವ ಭಾವನೆ ಬಹಳ ಜನಕ್ಕೆ ಇದೆ. ಕ್ರುಗ್ ಇದನ್ನು ತಲೆಕೆಳಗು ಮಾಡಿತು. ಅವರ ಮುಖ್ಯ ವೈನೇ ಬೆರಕೆಯದು. ಇನ್ನೊಂದು ವಿಷಯ ಗಮನಿಸಿ. 2012 ಶಾಂಪೇನ್ ಸೀಮೆಗೆ ಒಳ್ಳೆಯ ವರ್ಷ, ಇಳುವರಿ ಕಡಿಮೆ ಆದರೂ ಗುಣ ಚೆನ್ನಾಗಿತ್ತು, ಸುಮಾರು ಎಲ್ಲರೂ ಆ ವರ್ಷದ ವಿಂಟೇಜ್ ಬಿಟ್ಟರು. ಕ್ರುಗ್ ಮಾಡಲಿಲ್ಲ. 2012ರ ಹೆಸರಿನಲ್ಲಿ ಸುಲಭವಾಗಿ ಮಾರಬಹುದಾಗಿದ್ದ ವೈನನ್ನು ಗ್ರಾಂಡ್ ಕ್ಯುವೆಗೆ ಉಳಿಸಿಕೊಂಡರು. ಅದೇ 168ನೇ ಆವೃತ್ತಿ, 11 ವರ್ಷಗಳ 198 ವೈನ್‌ಗಳು ಸೇರಿದ್ದು. ಮಾತಿಗೆ ತಕ್ಕಂತೆ ನಡೆದುಕೊಂಡರು ಅಂತ ನನಗೆ ಗೌರವ ಬಂದದ್ದು ಇಲ್ಲಿ.

ಈಗ ಅಸಲಿ ಕೆಲಸಕ್ಕೆ ಬರೋಣ. ನಮ್ಮ ಕಡೆ ಒಂದು ಎಕರೆಯ ಹಣ್ಣು ಶೆಡ್ಡಿಗೆ ಬಂತು ಅಂದರೆ ಏನಾಗುತ್ತದೆ? ಮಡ್ಡಿ ಮೇಲಿನ ಸಾಲಿನದ್ದು, ಎರಿ ಹೊಲದ್ದು, ಬಾವಿ ಹತ್ತಿರದ್ದು ಎಲ್ಲ ಒಂದೇ ಕಡೆ ಬೀಳುತ್ತದೆ. ಮಡ್ಡಿಯ ಹಣ್ಣಿಗೆ ಸಿಹಿ ಜಾಸ್ತಿ ಅಂತ ನಮಗೆ ಗೊತ್ತು, ಆದರೂ ಬೇರೆ ಇಡುವುದಿಲ್ಲ. ಬಣ್ಣ ನೋಡಿ, ಗಾತ್ರ ನೋಡಿ ಆಮೇಲೆ ಆರಿಸುತ್ತೇವೆ. ಕ್ರುಗ್‌ನವರು ಇದನ್ನು ಶುರುವಿನಲ್ಲೇ ಬೇರೆ ಮಾಡುತ್ತಾರೆ. ಪ್ರತಿ ಪಡದ ರಸ ಪ್ರತ್ಯೇಕ. ಹೀಗೆ ವರ್ಷಕ್ಕೆ ಸುಮಾರು 250 ಬೇರೆ ಬೇರೆ ವೈನ್ ತಯಾರಾಗುತ್ತವೆ. ಜೊತೆಗೆ ಹಿಂದಿನ ವರ್ಷಗಳ ಸುಮಾರು 150 ವೈನ್‌ಗಳು ದಾಸ್ತಾನಿನಲ್ಲಿ ಇರುತ್ತವೆ. ಅವೂ ಒಂದರ ಜೊತೆ ಒಂದು ಸೇರದೆ, ಸಣ್ಣ ಸಣ್ಣ ಸ್ಟೀಲ್ ಟ್ಯಾಂಕುಗಳಲ್ಲಿ. ಸುಗ್ಗಿ ಮುಗಿದ ಮೇಲೆ ಚಳಿಗಾಲ ಪೂರ್ತಿ ಒಂದು ತಂಡ ಕೂತು ಈ ನಾಲ್ಕು ನೂರರಷ್ಟು ವೈನ್‌ಗಳ ರುಚಿ ನೋಡಿ ಬರೆದುಕೊಳ್ಳುತ್ತದೆ. ವಸಂತಕಾಲ ಬರುವ ಹೊತ್ತಿಗೆ ಜ್ಯೂಲಿ ಕಾವಿಲ್ ಒಂದು ಬೆರಕೆ ಹೇಳುತ್ತಾರೆ. ಲೆಕ್ಕದ ಸೂತ್ರ ಯಾವುದೂ ಇಲ್ಲ. ಒಂದು ವರ್ಷ 131, ಇನ್ನೊಂದು ವರ್ಷ 198.

ಹುದುಗಿಸುವುದು ಓಕ್ ಪೀಪಾಯಿಗಳಲ್ಲಿ, ಒಂದೊಂದೂ 205 ಲೀಟರಿನದು. ಇಲ್ಲಿ ಜನಕ್ಕೆ ಒಂದು ತಪ್ಪು ಕಲ್ಪನೆ ಇದೆ, ಮರದ ವಾಸನೆ ಬರಲಿ ಅಂತ ಹೀಗೆ ಮಾಡುತ್ತಾರೆ ಅಂತ. ಈ ಪೀಪಾಯಿಗಳು ಹಳೆಯವು. ಇಪ್ಪತ್ತು ವರ್ಷ ದುಡಿದ ಪೀಪಾಯಿಗಳೂ ಇರುತ್ತವೆ. ಹೊಸ ಪೀಪಾಯಿ ಬಂದರೆ ಮೊದಲು ಕೆಲವು ವರ್ಷ ಕಡಿಮೆ ದರ್ಜೆಯ ರಸ ಹಾಕಿ ಪಳಗಿಸಿ, ಮರದ ಒಗರು ಹೋದ ಮೇಲೆ ಒಳಗೆ ತೆಗೆದುಕೊಳ್ಳುತ್ತಾರೆ. ಪೀಪಾಯಿ ಯಾಕೆ ಅಂದರೆ ಅದು ಸಣ್ಣದು. ಸಣ್ಣದಾದರೆ ಸಣ್ಣ ಪಡದ ಹಣ್ಣನ್ನೂ ಬೇರೆಯಾಗಿ ಇಡಬಹುದು. ದೊಡ್ಡ ಟ್ಯಾಂಕ್ ಇದ್ದರೆ ತುಂಬಿಸಲಿಕ್ಕೆ ನಾಲ್ಕು ಪಡ ಸೇರಿಸಲೇಬೇಕು, ಅಲ್ವಾ? ಇನ್ನೊಂದು ಲಾಭವೂ ಇದೆ. ಮರದ ಮೂಲಕ ಸ್ವಲ್ಪ ಗಾಳಿ ಆಡುತ್ತದೆ. ಎಳೆತನದಲ್ಲೇ ಸ್ವಲ್ಪ ಗಾಳಿ ಕಂಡ ವೈನ್ ಮುಂದೆ ಗಾಳಿಗೆ ಬೇಗ ಕೆಡುವುದಿಲ್ಲ. ಪೀಪಾಯಿಯಲ್ಲಿ ಇರುವುದು ಕೆಲವೇ ವಾರ. ಆಮೇಲೆ ಸ್ಟೀಲಿಗೆ ಹೋಗುತ್ತದೆ.

ಹುಳಿಯ ವಿಷಯ ಬೇರೆಯೇ ಹೇಳಬೇಕು. ದ್ರಾಕ್ಷಿಯಲ್ಲಿ ಮ್ಯಾಲಿಕ್ ಆಮ್ಲ ಅಂತ ಒಂದು ಚೂಪು ಹುಳಿ ಇರುತ್ತದೆ, ಹಸಿರು ಸೇಬಿನಲ್ಲಿ ಇರುವಂಥದ್ದು. ಶಾಂಪೇನಿನ ಬಹಳ ಮನೆಗಳು ಬ್ಯಾಕ್ಟೀರಿಯಾ ಬಿಟ್ಟು ಅದನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲ ಮಾಡಿಸುತ್ತವೆ. ಕ್ರುಗ್ ಮಾಡಿಸುವುದಿಲ್ಲ. ತಾನಾಗಿ ಆದರೆ ತಡೆಯುವುದೂ ಇಲ್ಲ, ಆದರೆ ಸಾಮಾನ್ಯವಾಗಿ ಆಗುವುದಿಲ್ಲ. ಆ ಚೂಪು ಉಳಿಯುತ್ತದೆ. ಅದಕ್ಕೇ ಈ ವೈನಿಗೆ ಇಷ್ಟು ಆಯುಷ್ಯ. ಬಾಟಲಿಯಲ್ಲಿ ಎರಡನೇ ಸಲ ಹುದುಗಿದ ಮೇಲೆ ತಳದ ಯೀಸ್ಟಿನ ಜೊತೆ ಸುಮಾರು 7 ವರ್ಷ ನೆಲಮಾಳಿಗೆಯಲ್ಲಿ ಮಲಗಿರುತ್ತದೆ. ಶಾಂಪೇನ್ ಕಾನೂನಿನ ಪ್ರಕಾರ ಹಲವು ವರ್ಷ ಬೆರೆಸಿದ ವೈನಿಗೆ ಒಟ್ಟು 15 ತಿಂಗಳು ಸಾಕು. ಹುಳಿ ಮತ್ತು ಸಮಯ, ಇವೆರಡೂ ಸೇರಿದ್ದರಿಂದ ಆ ರುಚಿ ಬರುತ್ತದೆ. ಬರೀ ಹುಳಿ ಇದ್ದಿದ್ದರೆ ಹಲ್ಲು ಚುಳುಕ್ ಅನ್ನುತ್ತಿತ್ತು, ಬರೀ ಸಮಯ ಇದ್ದಿದ್ದರೆ ಸಪ್ಪೆಯಾಗುತ್ತಿತ್ತು.

ನಮಗೆ ಇದು ಉಲ್ಟಾ ಲೋಕ. ಒಣದ್ರಾಕ್ಷಿಗೆ ಹಣ್ಣು ಕೊಯ್ಯಬೇಕಾದರೆ ಬ್ರಿಕ್ಸ್, ಅಂದರೆ ರಸದ ಸಿಹಿಯ ಅಳತೆ, 22 ಬರಲಿ ಅಂತ ಕಾಯುತ್ತೇವೆ. ಸಿಹಿ ಏರಿದಷ್ಟೂ ತೂಕ ಬರುತ್ತದೆ, ಬಣ್ಣ ಬರುತ್ತದೆ. ಹುಳಿ ಉಳಿದರೆ ವ್ಯಾಪಾರಿ ಮೂಗು ಮುರಿಯುತ್ತಾನೆ. ಶಾಂಪೇನ್ ಸೀಮೆಯಲ್ಲಿ ವರ್ಷದ ಸರಾಸರಿ ಉಷ್ಣಾಂಶವೇ 11 ಡಿಗ್ರಿ ಆಸುಪಾಸು. ಕೆಳಗೆ ಸುಣ್ಣದ ಬಿಳಿ ಮಣ್ಣು. ಹಣ್ಣು ಪೂರ್ತಿ ಸಿಹಿಯಾಗುವ ಮೊದಲೇ, ಹುಳಿ ಗಟ್ಟಿ ಇರುವಾಗಲೇ ಕೈಯಿಂದ ಕೊಯ್ಯುತ್ತಾರೆ. ಯಂತ್ರದಿಂದ ಕೊಯ್ಯಲು ಅಲ್ಲಿ ಅನುಮತಿ ಇಲ್ಲ. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹುಳಿ ಕರಗಿ ಹೋಗುತ್ತದೆ. ಕಾಕಾ ಮೊದಲ ಗುಟುಕು ಕುಡಿದು ಹೇಳಿದ್ದು ಹೀಗೆ: "ಹುಳಿ ಐತಿ ಖರೆ ತಮ್ಮಾ, ಆದ್ರ ಕುಡದ ಮ್ಯಾಲೂ ಬಾಯಾಗ ಹಂಗ ಉಳೀತೈತಿ ನೋಡು." ವೈನ್ ಬಗ್ಗೆ ಏನೂ ಓದದ ಮನುಷ್ಯ. ಇದಕ್ಕಿಂತ ಸರಿಯಾದ ವಿಮರ್ಶೆ ನಾನು ಎಲ್ಲೂ ನೋಡಿಲ್ಲ.

ಈಗ ರುಚಿ. ಮೊದಲು ಮೂಗಿಗೆ ಬರುವುದು ನಿಂಬೆ ಸಿಪ್ಪೆ, ಆಮೇಲೆ ಹುರಿದ ಬಾದಾಮಿ, ಸುಟ್ಟ ಬ್ರೆಡ್ಡಿನ ಅಂಚು. ಬಾಯಲ್ಲಿ ಗುಳ್ಳೆ ಬಹಳ ಸಣ್ಣ, ಚುಚ್ಚುವುದಿಲ್ಲ. ಮೊದಲ ಹತ್ತು ನಿಮಿಷ ಹುಳಿ ಮುಂದೆ ಇತ್ತು, ಉಳಿದದ್ದು ಹಿಂದೆ. ಗ್ಲಾಸ್ ಸ್ವಲ್ಪ ಬೆಚ್ಚಗಾದ ಮೇಲೆ ಜೇನು, ಶುಂಠಿ, ಒಣಗಿದ ಕಿತ್ತಳೆ ಬಂದವು. ಅರ್ಧ ಗಂಟೆಯ ನಂತರ ಇನ್ನೊಂದು ಬದಲಾವಣೆ: ಒಂದು ಉಪ್ಪಿನ ಅಂಶ, ಸುಣ್ಣದ ನೆಲದ ಮೇಲೆ ಮಳೆ ಬಿದ್ದಾಗಿನ ವಾಸನೆ. ಒಂದೇ ಗ್ಲಾಸಿನಲ್ಲಿ ಇಷ್ಟು ಸಲ ಬದಲಾಗುವ ವೈನ್ ನಾನು ಕುಡಿದಿಲ್ಲ. 2015 ಅಲ್ಲಿ ಬಿಸಿಲಿನ, ಬರದ ವರ್ಷ. ಅಂಥ ವರ್ಷದ ಹಣ್ಣು ಒಂದೇ ಇದ್ದಿದ್ದರೆ ದಪ್ಪ, ಭಾರ ಅನ್ನಿಸಬಹುದಿತ್ತು. ಈ ವೈನಿನಲ್ಲಿ ಭಾರ ಇಲ್ಲ. ಹಳೆಯ ವರ್ಷಗಳ ತಂಪು ವೈನ್‌ಗಳು ಅದನ್ನು ಎತ್ತಿ ಹಿಡಿದಿವೆ. 131 ವೈನ್ ಬೇಕಾದದ್ದು ಇದಕ್ಕೆ. ನಮ್ಮ ಅಜ್ಜಿ ಶೇಂಗಾ ಚಟ್ನಿ ಕುಟ್ಟುವಾಗ ಹಳೆಯ ಖಾರದ ಪುಡಿಗೆ ಹೊಸದನ್ನು ಸೇರಿಸಿ ಬಣ್ಣ ಒಂದು ಕಡೆಯಿಂದ, ಖಾರ ಒಂದು ಕಡೆಯಿಂದ ತೆಗೆಯುತ್ತಿದ್ದಳು; ಬೆರಸುವವರ ನಾಲಿಗೆ ಎಷ್ಟು ಮುಖ್ಯ ಅಂತ ನನಗೆ ಅಲ್ಲೇ ಗೊತ್ತಾಗಿತ್ತು.

ಮ್ಯೂನಿಯೆ ಬಗ್ಗೆ ಒಂದು ಮಾತು. ಶಾಂಪೇನಿನ ದೊಡ್ಡ ದೊಡ್ಡ ಬಾಟಲಿಗಳಲ್ಲಿ ಈ ದ್ರಾಕ್ಷಿಗೆ ಜಾಗ ಇರುವುದಿಲ್ಲ. ಡೋಂ ಪೆರಿನ್ಯೋ, ಅಷ್ಟೇ ಹೆಸರಾದ ಕ್ರಿಸ್ಟಾಲ್ ಎರಡರಲ್ಲೂ ಇಲ್ಲ. ಬೇಗ ವಯಸ್ಸಾಗುತ್ತದೆ, ಒರಟು, ಅಂತ ಹೇಳುತ್ತಾರೆ. ಕ್ರುಗ್ ಇದನ್ನು ಬಿಡುವುದಿಲ್ಲ. ಸಾಂತ್ ಜೆಮ್ ಅನ್ನುವ ಊರಿನ ಮ್ಯೂನಿಯೆ ಅವರಿಗೆ ಬಹಳ ಇಷ್ಟ. ಅದು ಶಾಂಪೇನಿನ ದರ್ಜೆ ಪಟ್ಟಿಯಲ್ಲಿ ಮೇಲಿನ ಊರೇನೂ ಅಲ್ಲ. ಊರಿನ ಹೆಸರು ನೋಡದೆ ಗ್ಲಾಸಿನೊಳಗಿನದನ್ನು ಮಾತ್ರ ನೋಡಿ ಆರಿಸುತ್ತಾರೆ ಅನ್ನುವುದಕ್ಕೆ ಇದೇ ಸಾಕ್ಷಿ. ಆ ಶುಂಠಿ, ಆ ರಸಭರಿತ ಹಣ್ಣಿನ ರುಚಿ ಬಹುಪಾಲು ಮ್ಯೂನಿಯೆಯಿಂದಲೇ ಬಂದದ್ದು ಅಂತ ನನ್ನ ಅಭಿಪ್ರಾಯ. ಸಣ್ಣ ಊರಿನ, ಹೆಸರಿಲ್ಲದ ಹೊಲದ ರೈತನ ಹಣ್ಣಿಗೂ ಇಂಥ ಬಾಟಲಿಯಲ್ಲಿ ಜಾಗ ಸಿಗುತ್ತದೆ ಅಂದಾಗ ನಮಗೆಲ್ಲ ಖುಷಿಯಾಯಿತು.

ರೈತರ ವಿಷಯ ಬಂತು ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಕ್ರುಗ್‌ಗೆ ಬೇಕಾದ ಹಣ್ಣಿನಲ್ಲಿ ಸ್ವಂತ ತೋಟದಿಂದ ಬರುವುದು ಸುಮಾರು ಮೂರನೇ ಒಂದು ಭಾಗ. ಉಳಿದದ್ದು ಬೆಳೆಗಾರರಿಂದ, ತಲೆಮಾರುಗಳ ಕರಾರಿನ ಮೇಲೆ. ಪ್ರತಿ ಪಡದ ವೈನ್ ಬೇರೆ ಇರುವುದರಿಂದ, ಬೆಳೆಗಾರ ಬಂದು ತನ್ನ ಹಣ್ಣಿನ ವೈನನ್ನೇ ಕುಡಿದು ನೋಡಬಹುದು. ಇದನ್ನು ನಾನು ಹೇಳಿದಾಗ ತೋಟದ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ, ಅಲ್ಲಿಂದ ತಾಸಗಾಂವ, ಸಾಂಗಲಿ ಮಾರುಕಟ್ಟೆಗೆ ಹೋದ ಮೇಲೆ ಎಲ್ಲಿ ಹೋಯಿತು, ಯಾರು ತಿಂದರು, ಹೇಗಿತ್ತು ಅಂತ ನಮಗೆ ಯಾರೂ ಹೇಳಿದವರಿಲ್ಲ.

ಕಾಕಾ ಕೇಳಿದ ಎರಡನೆಯ ಪ್ರಶ್ನೆ ರೇಟಿನದು. ಅಲ್ಲಿ ದ್ರಾಕ್ಷಿಗೆ ಕೆಜಿಗೆ 6ರಿಂದ 7 ಯುರೋ ಸಿಗುತ್ತದೆ, ಮೇಲಿನ ದರ್ಜೆಯ ಊರುಗಳಲ್ಲಿ ಇನ್ನೂ ಜಾಸ್ತಿ. ನಮ್ಮ ದುಡ್ಡಿನಲ್ಲಿ ಆರೇಳು ನೂರು ರೂಪಾಯಿ. ಇಲ್ಲಿ 4 ಕೆಜಿ ಹಸಿ ಹಣ್ಣು ಒಣಗಿಸಿದರೆ ಬರುವುದು 1 ಕೆಜಿ ಮಣೂಕ, ಆ 1 ಕೆಜಿಗೂ ನಮಗೆ ಅಷ್ಟು ಸಿಗುವುದಿಲ್ಲ. ಹಾಗಾದರೆ ಬಾಟಲಿಯ ಬೆಲೆಯಲ್ಲಿ ಹಣ್ಣಿನ ಪಾಲು ಎಷ್ಟು? ಶಾಂಪೇನಿನಲ್ಲಿ 4,000 ಕೆಜಿ ಹಣ್ಣು ಹಿಂಡಿದರೆ ಮೊದಲ ದರ್ಜೆಯ ರಸ 2,050 ಲೀಟರ್ ಮಾತ್ರ ತೆಗೆಯಬಹುದು. ಆ ಲೆಕ್ಕದಲ್ಲಿ ಒಂದು ಬಾಟಲಿಗೆ ಒಂದೂವರೆ ಕೆಜಿಯಷ್ಟು ಹಣ್ಣು, ಅಂದರೆ ಸುಮಾರು 10 ಯುರೋ. ಬಾಟಲಿ ಯುರೋಪಿನಲ್ಲಿ 200 ಯುರೋ ದಾಟುತ್ತದೆ. ಉಳಿದದ್ದು 7 ವರ್ಷ ಮಲಗಿಸಿದ ಖರ್ಚು, ಎತ್ತಿಟ್ಟ ಹಳೆಯ ವೈನಿನ ಬಡ್ಡಿ, ಅಷ್ಟು ಪೀಪಾಯಿ, ಅಷ್ಟು ಟ್ಯಾಂಕು, ಅಷ್ಟು ಜನರ ಕೆಲಸ. ಮತ್ತೆ ಹೆಸರಿನ ಬೆಲೆಯೂ ಇದೆ. ಅದು ಸಣ್ಣದಲ್ಲ.

ಹಾಗಾದರೆ 20,000 ರೂಪಾಯಿ ಮೀರಿದ ಬಾಟಲಿ ಕೊಳ್ಳಬೇಕಾ? ಬರೀ ಸಂಭ್ರಮಕ್ಕೆ, ಫೋಟೋಕ್ಕೆ, ಮದುವೆ ವಾರ್ಷಿಕೋತ್ಸವಕ್ಕೆ ಬಿರಡೆ ಹಾರಿಸಲಿಕ್ಕೆ ಅಂದರೆ ಖಂಡಿತ ಬೇಡ. ಆ ಕೆಲಸಕ್ಕೆ ನಾಸಿಕ ಹತ್ತಿರದ ದಿಂಡೋರಿಯಲ್ಲಿ ತಯಾರಾಗುವ ಶಾಂಡೋನ್ ಅನ್ನುವ ಗುಳ್ಳೆ ವೈನ್ ಸಾಕು, ಅದೂ ಇದೇ ಎಲ್‌ವಿಎಂಎಚ್ ಕಂಪನಿಯದೇ. ನಾಸಿಕದ್ದೇ ಆದ ಸುಲಾ ಕಂಪನಿಯ ಬ್ರೂಟ್ ಕೂಡ ಆಗಬಹುದು. ಮೊದಲು ಅವನ್ನು ಕುಡಿದು, ಗುಳ್ಳೆ ವೈನ್ ಅಂದರೆ ಏನು, ಹುಳಿ ಅಂದರೆ ಏನು ಅಂತ ನಾಲಿಗೆಗೆ ಗೊತ್ತಾಗಲಿ. ಆಮೇಲೆ ನಾಲ್ಕು ಜನ ಸೇರಿ ದುಡ್ಡು ಹಾಕಿ ಒಂದು ಕ್ರುಗ್ ತೆಗೆಯಿರಿ. ಸುಮ್ನೆ ಹೆಸರಿಗೆ ಬೇಡ, ನಿಧಾನವಾಗಿ ಕೂತು ಕುಡಿಯಲು ಎರಡು ಗಂಟೆ ಸಮಯ ಇದ್ದರೆ ಮಾತ್ರ.

ನನಗೆ ಸರಿ ಕಾಣದ ವಿಷಯಗಳೂ ಇವೆ. ತಮ್ಮ ವೈನ್‌ಗಳಲ್ಲಿ ಮೇಲು ಕೀಳು ಇಲ್ಲ, ಎಲ್ಲ ಸಮಾನ ಅಂತ ಕ್ರುಗ್‌ನವರು ಹೇಳುತ್ತಾರೆ. ಆದರೆ ಬೆಲೆ ನೋಡಿ. ಕ್ಲೋ ದ್ಯು ಮೆನಿಲ್ ಅಂತ ಅವರದೇ ಇನ್ನೊಂದು ವೈನ್ ಇದೆ, ಮೆನಿಲ್ ಸ್ಯೂರ್ ಒಜೆ ಊರಿನ ನಡುವೆ 1698ರಿಂದ ಗೋಡೆ ಕಟ್ಟಿದ 1.84 ಹೆಕ್ಟೇರಿನ ಒಂದೇ ತೋಟದ್ದು. ಇನ್ನೊಂದು ಕ್ಲೋ ದಾಂಬೊನೆ, 0.68 ಹೆಕ್ಟೇರ್, ಅಂದರೆ ಎರಡು ಎಕರೆಯೂ ಇಲ್ಲ. ಇವುಗಳ ಬೆಲೆ ಗ್ರಾಂಡ್ ಕ್ಯುವೆಯ ಹಲವು ಪಟ್ಟು. ಒಂದೇ ತೋಟದ ವೈನಿಗೆ ಅಷ್ಟು ಬೆಲೆ ಇಟ್ಟ ಮೇಲೆ ಎಲ್ಲ ಸಮಾನ ಅನ್ನುವ ಮಾತು ಕೊಳ್ಳುವವರಿಗೆ ಹೇಗೆ ನಂಬಿಕೆ ಬರಬೇಕು? ಬೆರೆಸುವುದೇ ನಮ್ಮ ಮುಖ್ಯ ಕಲೆ ಅನ್ನುವವರು ಬೆರೆಸದ ವೈನನ್ನು ಕಿರೀಟ ಮಾಡಿ ಇಟ್ಟಿದ್ದಾರೆ. ತೋಟ ಬೇರೆ ಇಟ್ಟು ನೋಡುವ ಪದ್ಧತಿಯಿಂದಲೇ ಅವೂ ಹುಟ್ಟಿದವು ಅನ್ನುವುದು ನಿಜ. 1999ರ ಕ್ಲೋ ದ್ಯು ಮೆನಿಲ್ ಬಾಟಲಿ ತುಂಬಿಸಿದ ಮೇಲೂ ಮನಸ್ಸಿಗೆ ಬರಲಿಲ್ಲ ಅಂತ ಮಾರದೇ ಬಿಟ್ಟರು, ಅದೂ ನಿಜ. ಆದರೂ ಬೆಲೆಯ ಪ್ರಶ್ನೆ ಹಾಗೇ ಉಳಿಯುತ್ತದೆ.

ಐಡಿ ಹಾಕಿದರೆ ಆ ವೈನಿಗೆ ಹೊಂದುವ ಹಾಡು ಕೇಳಿಸುವ ವ್ಯವಸ್ಥೆಯೂ ಇದೆ. ನನಗೆ ಅದು ಬೇಕಿಲ್ಲ. ಆ ಜಾಗದಲ್ಲಿ ಯಾವ ಯಾವ ಊರಿನ ಹಣ್ಣು ಎಷ್ಟು ಸೇರಿದೆ ಅಂತ ಪೂರ್ತಿ ಪಟ್ಟಿ ಕೊಟ್ಟಿದ್ದರೆ ಕೂತು ಓದುತ್ತಿದ್ದೆ.

ಊಟದ ಜೊತೆ ಹೇಗೆ ಅಂತ ಕೇಳಬಹುದು. ನಾವು ಇದ್ದದ್ದನ್ನೆಲ್ಲ ಇಟ್ಟು ನೋಡಿದೆವು. ಮಿರ್ಚಿ ಭಜಿ ಬೇಡವೇ ಬೇಡ. ಖಾರದ ಮೇಲೆ ಗುಳ್ಳೆ ಬಿದ್ದರೆ ಉರಿ ಎರಡು ಪಟ್ಟಾಗುತ್ತದೆ, ವೈನಿನ ರುಚಿ ಪೂರ್ತಿ ಸಾಯುತ್ತದೆ. ಎಣ್ಣೆಗಾಯಿ ಪರವಾಗಿಲ್ಲ, ಆದರೆ ಮಸಾಲೆ ಕಡಿಮೆ ಇರಬೇಕು. ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಸವರಿ, ಸ್ವಲ್ಪ ಉಪ್ಪು ಉದುರಿಸಿ ತಿಂದರೆ ಬಹಳ ಚೆನ್ನಾಗಿ ಹೊಂದಿತು. ಬೆಣ್ಣೆಯ ಜಿಡ್ಡನ್ನು ಹುಳಿ ತೊಳೆಯುತ್ತದೆ, ರೊಟ್ಟಿಯ ಸುಟ್ಟ ವಾಸನೆ ವೈನಿನ ಬ್ರೆಡ್ ವಾಸನೆಯ ಜೊತೆ ಕೂಡುತ್ತದೆ. ಎಲ್ಲಕ್ಕಿಂತ ಮೇಲೆ ನಿಂತದ್ದು ಉಳ್ಳಾಗಡ್ಡಿ ಭಜಿ. ತೆಳ್ಳಗೆ ಹೆಚ್ಚಿ, ಮೆಣಸಿನಕಾಯಿ ಹಾಕದೆ, ಗರಿಗರಿ ಕರಿದದ್ದು. ಉಳ್ಳಾಗಡ್ಡಿಯ ಸಿಹಿ ಮತ್ತು ಎಣ್ಣೆ, ಅದರ ಮೇಲೆ ತಣ್ಣಗಿನ ಹುಳಿ. ಕ್ರುಗ್‌ನವರೇ ಆಲೂಗಡ್ಡೆ, ಮೊಟ್ಟೆ, ಅಣಬೆ, ಈರುಳ್ಳಿ ಹೀಗೆ ಒಂದೊಂದು ಸಲ ಒಂದು ಸಾಮಾನ್ಯ ಪದಾರ್ಥ ಹಿಡಿದು ಬಾಣಸಿಗರಿಂದ ಅಡುಗೆ ಮಾಡಿಸುತ್ತಾರೆ. ಅವರ ಈರುಳ್ಳಿ ಅಡುಗೆ ನಾನು ತಿಂದಿಲ್ಲ, ಆದರೆ ನಮ್ಮ ಚಿಕ್ಕಮ್ಮನ ಭಜಿಯನ್ನು ಧೈರ್ಯವಾಗಿ ಅವರ ಮುಂದೆ ಇಡಬಹುದು. ಕರದಂಟು ಜೊತೆ ಮಾತ್ರ ಕುಡಿಯಬೇಡಿ. ಬೆಲ್ಲದ ಸಿಹಿಯ ಮುಂದೆ ವೈನ್ ಬರೀ ಹುಳಿಯಾಗಿ ಕಾಣುತ್ತದೆ.

ಬಡಿಸುವ ವಿಷಯದಲ್ಲಿ ಎರಡು ಮಾತು. ಫ್ರಿಜ್ಜಿನಿಂದ ತೆಗೆದು ಐಸಿನಲ್ಲಿ ಹುಗಿಯಬೇಡಿ. 9ರಿಂದ 12 ಡಿಗ್ರಿ ಸರಿ ಅಂತ ಅವರೇ ಹೇಳುತ್ತಾರೆ, ಅದು ನಿಜ. ಜಾಸ್ತಿ ತಣ್ಣಗಾದರೆ ಈ ವೈನ್ ಬಾಯಿ ಮುಚ್ಚಿಕೊಳ್ಳುತ್ತದೆ, ಕೊಟ್ಟ ದುಡ್ಡೆಲ್ಲ ಐಸಿಗೆ ಹೋಗುತ್ತದೆ. ಆದರೆ ನಮ್ಮ ಬೇಸಿಗೆಯಲ್ಲಿ ಗ್ಲಾಸಿಗೆ ಹಾಕಿದ ಐದು ನಿಮಿಷಕ್ಕೇ ಬೆಚ್ಚಗಾಗುತ್ತದೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ, ಬಾಟಲಿಯನ್ನು ನೀರು ಮತ್ತು ಸ್ವಲ್ಪ ಐಸ್ ಇರುವ ಪಾತ್ರೆಯಲ್ಲಿ ನಿಲ್ಲಿಸಿ. ಉದ್ದನೆಯ ಕಿರಿದಾದ ಶಾಂಪೇನ್ ಗ್ಲಾಸ್ ಬೇಡ. ಅಗಲ ಹೊಟ್ಟೆಯ ವೈನ್ ಗ್ಲಾಸ್ ತೆಗೆದುಕೊಳ್ಳಿ, ಆ ವಾಸನೆಗಳು ಹೊರಗೆ ಬರಲು ಜಾಗ ಬೇಕು. ಉಳಿದರೆ ಶಾಂಪೇನ್ ಬಿರಡೆ ಹಾಕಿ ಫ್ರಿಜ್ಜಿನಲ್ಲಿ ಇಡಿ. ಮರುದಿನ ಗುಳ್ಳೆ ಕಡಿಮೆಯಾಗಿತ್ತು, ರುಚಿ ಮಾತ್ರ ಇನ್ನೂ ಬಿಚ್ಚಿಕೊಂಡಿತ್ತು.

ಕೊಳ್ಳುವಾಗ ದಯವಿಟ್ಟು ಬಾಟಲಿ ಎಲ್ಲಿ ಇತ್ತು ಅಂತ ನೋಡಿ. ಆಮದು ವೈನಿನ ಮೇಲೆ ನಮ್ಮಲ್ಲಿ ಬಹಳ ವರ್ಷ 150% ಸುಂಕ ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ. ಇಷ್ಟು ಬೆಲೆಗೆ ಗಿರಾಕಿ ಕಡಿಮೆ, ಹಾಗಾಗಿ ಬಾಟಲಿ ಅಂಗಡಿಯಲ್ಲೇ ವರ್ಷಗಟ್ಟಲೆ ಕೂತಿರುತ್ತದೆ. ಹಿಂದೆ ಒಂದು ಊರಿನ ದೊಡ್ಡ ಅಂಗಡಿಯಲ್ಲಿ ಬೇರೊಂದು ಶಾಂಪೇನ್ ತೆಗೆದುಕೊಂಡಿದ್ದೆ. ಗಾಜಿನ ಶೋಕೇಸಿನಲ್ಲಿ, ಲೈಟಿನ ಕೆಳಗೆ, ನಿಲ್ಲಿಸಿ ಇಟ್ಟಿದ್ದರು. ಮನೆಗೆ ತಂದು ತೆಗೆದರೆ ಬೇಯಿಸಿದ ಸೇಬಿನ ವಾಸನೆ, ಗುಳ್ಳೆ ಹೆಸರಿಗೆ ಮಾತ್ರ. ವಾಪಸ್ ತೆಗೆದುಕೊಳ್ಳಲಿಲ್ಲ. ಕರೆಂಟ್ ಹೋದರೆ ಮಧ್ಯಾಹ್ನ ಅಂಗಡಿಯೊಳಗೆ ಎಷ್ಟು ಶೆಕೆ ಇರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದರಿಂದ ಏಸಿ ಇರುವ, ಡಬ್ಬದಲ್ಲೇ ಮಲಗಿಸಿಟ್ಟ ಕಡೆ ಮಾತ್ರ ಕೊಳ್ಳಿ. ವಿದೇಶದಿಂದ ಬರುವ ನಂಟರು ಇದ್ದರೆ ಅದೇ ಒಳ್ಳೆಯ ದಾರಿ, ಆದರೆ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬೆಂಗಳೂರಿನಿಂದ ವಿಜಯಪುರದ ತನಕ ತರಬೇಡಿ, ಸೀಟಿನ ಹತ್ತಿರ ಏಸಿ ಗಾಳಿ ಬರುವ ಕಡೆ ಇಟ್ಟುಕೊಳ್ಳಿ. ಐಡಿಯನ್ನು ಕೊಳ್ಳುವ ಮುಂಚೆ ಫೋನಿನಲ್ಲೇ ಹಾಕಿ ನೋಡಿ. ಬಿರಡೆ ಬಿದ್ದು ಎಷ್ಟು ಕಾಲವಾಗಿದೆ ಅಂತ ಗೊತ್ತಾದರೆ ಅಂಗಡಿಯವರು ಹೇಳುವ ಮಾತು ಸರಿಯೋ ತಪ್ಪೋ ತಿಳಿಯುತ್ತದೆ. ಪೂರ್ತಿ ಬಾಟಲಿ ಭಾರ ಅನ್ನಿಸಿದರೆ 375 ಮಿಲಿಯ ಅರ್ಧ ಬಾಟಲಿಯೂ ಇದೆ. ಇಬ್ಬರಿಗೆ ಅದು ಸಾಕು.

ಎರಡನೆಯ ಬಾಟಲಿಯನ್ನು ನಾನು ಈಗ ತೆಗೆಯುವುದಿಲ್ಲ. 171 ಇನ್ನೂ ಎಳೆಯದು, ಆ ಮೊದಲ ಹತ್ತು ನಿಮಿಷದ ಹುಳಿ ಅದನ್ನೇ ಹೇಳುತ್ತದೆ. ನಾಲ್ಕೈದು ವರ್ಷ ಇಟ್ಟರೆ ಹುಳಿ ಒಳಗೆ ಇಳಿದು ಜೇನು, ಬಾದಾಮಿ ಮುಂದೆ ಬರುತ್ತವೆ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲೇ ಒಂದು ಮೂಲೆಯಲ್ಲಿ ಇಡು ಅಂತ ಕಾಕಾ ಹೇಳಿದರು. ಅಲ್ಲಿ 4 ಡಿಗ್ರಿ ಆಸುಪಾಸು ಇರುತ್ತದೆ, ಅದು ವೈನಿಗೆ ಸ್ವಲ್ಪ ಜಾಸ್ತಿ ತಂಪು, ನಿಧಾನವಾಗಿ ಬೆಳೆಯುತ್ತದೆ. ಆದರೆ ಬೇಸಿಗೆಯಲ್ಲಿ ಮನೆಯಲ್ಲಿ ಇಡುವುದಕ್ಕಿಂತ ಎಷ್ಟೋ ವಾಸಿ. ಕತ್ತಲೆಯೂ ಇದೆ.

ಈ ನಡುವೆ 170ನೇ ಆವೃತ್ತಿ ಸಿಕ್ಕರೆ ಕುಡಿದು ನೋಡಬೇಕು. ಅದರ ಮುಖ್ಯ ವರ್ಷ 2014, ಬೇಸಿಗೆಯಲ್ಲಿ ಮಳೆ ಹಿಡಿದು ಸೆಪ್ಟೆಂಬರಿನ ಬಿಸಿಲು ಬೆಳೆ ಉಳಿಸಿದ ವರ್ಷ. 12 ವರ್ಷಗಳ 195 ವೈನ್ ಸೇರಿಸಿದ್ದಾರೆ. ಬರದ ವರ್ಷಕ್ಕೆ 131 ಸಾಕಾದರೆ ಮಳೆ ವರ್ಷಕ್ಕೆ 195 ಬೇಕಾದವು. ನಮ್ಮ ಕಡೆ ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದಿದ್ದರೆ ಮ್ಯೂನಿಯೆ ರುಚಿ ಯಾವುದರಲ್ಲಿ ಮುಂದೆ ಬರುತ್ತದೆ ಅಂತ ಬರೆಯಿರಿ. 170ರಲ್ಲಿ ಅದು 11% ಮಾತ್ರ ಇದೆ.